ಲೇಸ್ ಶಾಲಿನ ಚಾರ್ಟ್: 9ನೇ ಸಾಲಿಗೆ ಲೆಕ್ಕ ತಪ್ತಾ ಇದ್ರೆ ಎಲ್ಲಿ ನೋಡ್ಬೇಕು?

ಪ್ರಶ್ನೆ: ಸಾದಾ ನಿಟ್ಟಿಂಗ್ ಚೆನ್ನಾಗಿ ಬರತ್ತೆ, ಸ್ಕಾರ್ಫು, ಟೋಪಿ, ಸ್ವೆಟರ್ ಎಲ್ಲ ಹೆಣೆದಿದೀನಿ. ಈಗ ತ್ರಿಕೋನದ ಲೇಸ್ ಶಾಲ್ ಒಂದು ಶುರು ಮಾಡಿದೀನಿ, ಪ್ಯಾಟರ್ನಲ್ಲಿ ಬರೀ ಚಾರ್ಟ್ ಇದೆ, ಮಾತಲ್ಲಿ ಏನೂ ಬರೆದಿಲ್ಲ. ನಾನೇ ಒಂದೊಂದು ಸಾಲನ್ನೂ ನೋಟ್‌ಬುಕ್ಕಲ್ಲಿ ಬರ್ಕೊಂಡು ಹೆಣೀತಾ ಇದೀನಿ. ಆದ್ರೂ 9ನೇ ಸಾಲಿಗೋ 11ನೇ ಸಾಲಿಗೋ ಬರೋ ಹೊತ್ತಿಗೆ ಲೆಕ್ಕ ತಪ್ಪತ್ತೆ, ಎಲ್ಲಿ ತಪ್ಪಿತು ಅಂತ ಗೊತ್ತಾಗಲ್ಲ, ಪೂರ್ತಿ ಬಿಚ್ಚಿ ಮತ್ತೆ ಶುರು ಮಾಡ್ತೀನಿ. ಬಿಚ್ಚಿ ಬಿಚ್ಚಿ ನೂಲು ನಾರುನಾರಾಗಿದೆ. ಚಾರ್ಟ್ ಓದೋದನ್ನ ಸರಿಯಾಗಿ ಕಲಿಯೋದು ಹೇಗೆ? ಅಥವಾ ಇದನ್ನ ಬಿಟ್ಟು ಬೇರೆ ಸುಲಭದ್ದು ಹಿಡೀಲಾ?

ಉತ್ತರ: ಬಿಡಬೇಡಿ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಸ್ವೆಟರ್ ಹೆಣೆದಿರೋ ಕೈಗೆ ಲೇಸಲ್ಲಿ ಹೊಸದಾಗಿ ಕಲಿಯೋ ಕೈಕೆಲಸ ತುಂಬಾ ಕಮ್ಮಿ. ನಿಟ್ಟು (ಸೀದಾ ಹೆಣಿಗೆ), ಪರ್ಲು (ಉಲ್ಟಾ ಹೆಣಿಗೆ) ನಿಮಗೆ ಬರತ್ತೆ, ಅದರ ಮೇಲೆ ಯಾರ್ನ್ ಓವರ್ರು (ನೂಲನ್ನ ಕಡ್ಡಿ ಮೇಲೆ ಹಾಕ್ಕೊಂಡು ಒಂದು ತೂತು, ಒಂದು ಹೊಸ ಸ್ಟಿಚ್ಚು ಮಾಡೋದು), ಎರಡು ಮೂರು ಥರದ ಡಿಕ್ರೀಸು (ಸ್ಟಿಚ್ಚುಗಳನ್ನ ಸೇರಿಸಿ ಕಮ್ಮಿ ಮಾಡೋದು), ಅಷ್ಟೇ. ಉಳಿದಿರೋದೆಲ್ಲ ಕಣ್ಣಿನ ಕೆಲಸ. ನೀವು ಬರೆದಿರೋದನ್ನ ಓದಿದ್ರೆ ನನಗೆ ಅನುಮಾನ ಬರ್ತಿರೋದು ಆ ನೋಟ್‌ಬುಕ್ ಮೇಲೆ. ಚಾರ್ಟನ್ನ ಮಾತಿಗೆ ಇಳಿಸಿದ ತಕ್ಷಣ ಅದರಲ್ಲಿದ್ದ ಅರ್ಧ ವಿಷಯ ಹೋಗ್ಬಿಡತ್ತೆ. "ನಿಟ್ 3, ಯಾರ್ನ್ ಓವರ್, ಎರಡು ಸೇರಿಸಿ ನಿಟ್" ಅಂತ ಬರ್ಕೊಂಡ್ರೆ ಈ ಸಾಲಲ್ಲಿ ಯಾವುದಾದ್ಮೇಲೆ ಯಾವುದು ಅಂತ ಮಾತ್ರ ಉಳಿಯತ್ತೆ, ಅದರ ಕೆಳಗೆ ಏನಿತ್ತು ಅನ್ನೋದು ಕಾಣೋದೇ ಇಲ್ಲ. ಲೇಸಲ್ಲಿ ತಪ್ಪು ಹಿಡಿಯೋಕೆ ಬೇಕಾಗಿರೋದು ಆ ಕೆಳಗಿನದ್ದೇ. ಚಾರ್ಟ್ ಅಂದ್ರೆ ನೀವು ಹೆಣೀತಿರೋ ಬಟ್ಟೆಯ ಚಿತ್ರ, ಪ್ರತಿ ಚೌಕದ ಕೆಳಗೆ ಇರೋ ಚೌಕ ನಿಮ್ಮ ಕಡ್ಡಿ ಕೆಳಗೆ ನಿಜವಾಗ್ಲೂ ನೇತಾಡ್ತಾ ಇರತ್ತೆ. ಅದನ್ನ ನೋಡ್ಕೊಂಡು ಹೆಣೆಯೋದು ಅಭ್ಯಾಸ ಆದ್ರೆ ಲೆಕ್ಕ ತಪ್ಪೋದು ಅದೇ ಸಾಲಲ್ಲೇ ಗೊತ್ತಾಗತ್ತೆ, ನಾಲ್ಕು ಸಾಲು ದಾಟಿದ ಮೇಲಲ್ಲ.

ಓದೋ ದಿಕ್ಕು ನಿಮಗೆ ಗೊತ್ತಿರಬಹುದು, ಆದ್ರೂ ಒಂದ್ಸಲ ಹೇಳ್ತೀನಿ. ಚಾರ್ಟನ್ನ ಕೆಳಗಿನಿಂದ ಮೇಲಕ್ಕೆ ಓದ್ಬೇಕು, ಯಾಕಂದ್ರೆ ಬಟ್ಟೆ ಬೆಳೆಯೋದೂ ಹಾಗೇ. ಸೀದಾ ಸೈಡಿನ ಸಾಲನ್ನ ಬಲದಿಂದ ಎಡಕ್ಕೆ, ಉಲ್ಟಾ ಸೈಡಿನ ಸಾಲನ್ನ ಎಡದಿಂದ ಬಲಕ್ಕೆ. ಎಡಗಡೆಯಿಂದ ಓದಿ ಅಭ್ಯಾಸ ಆಗಿರೋ ನಮಗೆ ಇದು ಮೊದಮೊದಲು ವಿಚಿತ್ರ ಅನ್ಸತ್ತೆ, ಆದ್ರೆ ಕೈಯಲ್ಲಿರೋ ಕೆಲಸ ನೋಡಿ, ಎಡಗೈ ಕಡ್ಡಿಯ ತುದಿಯಲ್ಲಿರೋ ಮೊದಲನೇ ಸ್ಟಿಚ್ಚು ಬಟ್ಟೆಯ ಬಲತುದೀದೇ ಅಲ್ವಾ, ಹಾಗಾಗಿ ಚಾರ್ಟೂ ಅಲ್ಲಿಂದಲೇ. ಸಾಲಿನ ನಂಬರ್ ಬಲಗಡೆ ಬರೆದಿದ್ರೆ ಅಲ್ಲಿಂದ ಶುರು, ಎಡಗಡೆ ಬರೆದಿದ್ರೆ ಅಲ್ಲಿಂದ. ಸುಮಾರು ಶಾಲಿನ ಚಾರ್ಟುಗಳಲ್ಲಿ 1, 3, 5, 7 ಅಂತ ಬೆಸ ಸಾಲು ಮಾತ್ರ ಇರತ್ತೆ, ಸರಿ ಸಾಲುಗಳನ್ನ ಬರೀ ಪರ್ಲ್ ಮಾಡಿ ವಾಪಸ್ ಬರೋದು ಅಂತ ಬೇರೆ ಕಡೆ ಒಂದು ಲೈನಲ್ಲಿ ಹೇಳಿರ್ತಾರೆ, ಆ ಒಂದು ಲೈನನ್ನ ಹುಡುಕಿ ಓದಿ. ದುಂಡಗೆ ಹೆಣೆಯೋ ಲೇಸಾದ್ರೆ ಎಲ್ಲಾ ಸುತ್ತೂ ಬಲದಿಂದ ಎಡಕ್ಕೇ. ಕನ್ನಡಿಯಲ್ಲಿ ಕಂಡ ಹಾಗೆ ಎಡಗೈಯಲ್ಲಿ ಹೆಣೆಯೋರಿಗೆ ಇದೆಲ್ಲ ಉಲ್ಟಾ, ಡಿಕ್ರೀಸುಗಳೂ ಅದಲುಬದಲು ಆಗ್ತವೆ.

ಚಿಹ್ನೆಗಳನ್ನ ಬಾಯಿಪಾಠ ಮಾಡೋಕೆ ಹೋಗ್ಬೇಡಿ, ಅವು ಸ್ಟಿಚ್ಚು ನೋಡೋಕೆ ಹೇಗಿರತ್ತೋ ಹಾಗೇ ಬರೆದಿರೋವು. ಸೊನ್ನೆ ಅಂದ್ರೆ ತೂತು, ಅಂದ್ರೆ ಯಾರ್ನ್ ಓವರ್. ಬಲಕ್ಕೆ ವಾಲಿರೋ ಗೀಟು ಅಂದ್ರೆ ಎರಡು ಸೇರಿಸಿ ನಿಟ್, ಹೆಣೆದು ನೋಡಿ, ಸ್ಟಿಚ್ಚೂ ಬಲಕ್ಕೇ ವಾಲಿರತ್ತೆ. ಎಡಕ್ಕೆ ವಾಲಿರೋ ಗೀಟು ಎಸ್‌ಎಸ್‌ಕೆ, ಅಂದ್ರೆ ಎರಡು ಸ್ಟಿಚ್ಚನ್ನ ಒಂದೊಂದಾಗಿ ನಿಟ್ ಮಾಡೋ ಥರ ಸ್ಲಿಪ್ ಮಾಡಿ (ಹೆಣೆಯದೆ ಬಲಗಡ್ಡಿಗೆ ದಾಟಿಸಿ), ಹಿಂದಿನ ಲೂಪಿಂದ ಸೇರಿಸಿ ನಿಟ್ ಮಾಡೋದು. ಮಧ್ಯ ಒಂದು ನೇರ ಗೀಟು, ಎರಡು ಪಕ್ಕದಲ್ಲಿ ಇಳಿಜಾರು ಗೀಟು ಇರೋದು ಮೂರನ್ನ ಒಂದು ಮಾಡೋ ಡಬಲ್ ಡಿಕ್ರೀಸು, ಮಧ್ಯದ ಸ್ಟಿಚ್ಚು ಮೇಲೆ ಎದ್ದು ನಿಲ್ಲತ್ತೆ. ಇನ್ನೊಂದು ವಿಷಯ, ಚಾರ್ಟು ಯಾವಾಗಲೂ ಸೀದಾ ಸೈಡಿಂದ ಕಾಣೋ ಚಿತ್ರ. ಹಾಗಾಗಿ ಖಾಲಿ ಚೌಕ ಸೀದಾ ಸೈಡಲ್ಲಿ ನಿಟ್, ಉಲ್ಟಾ ಸೈಡಲ್ಲಿ ಪರ್ಲ್. ಗಾರ್ಟರ್ (ಎರಡೂ ಸೈಡಿನ ಸಾಲೂ ನಿಟ್ಟೇ ಆಗಿರೋ ಹೆಣಿಗೆ) ಮೇಲೆ ಮಾಡೋ ಲೇಸಲ್ಲಿ ಇದು ಬೇರೆ ಥರ ಇರಬಹುದು, ಅದಕ್ಕೇ ಪಕ್ಕದಲ್ಲಿ ಕೊಟ್ಟಿರೋ ಚಿಹ್ನೆಗಳ ಪಟ್ಟಿಯನ್ನ ಪ್ರತಿ ಹೊಸ ಪ್ಯಾಟರ್ನಿಗೂ ಹೊಸದಾಗಿ ಓದ್ಬೇಕು. ಜಪಾನಲ್ಲಿ ಈ ಚಿಹ್ನೆಗಳಿಗೆ ರಾಷ್ಟ್ರೀಯ ಸ್ಟ್ಯಾಂಡರ್ಡೇ ಇದೆ, ಬೇರೆ ಕಡೆ ಡಿಸೈನರ್ ಇಟ್ಟಿದ್ದೇ ಚಿಹ್ನೆ.

ಬೂದು ಬಣ್ಣ ತುಂಬಿರೋ ಚೌಕ ಕಂಡು ಸುಮಾರು ಜನ ನಿಂತ್ಬಿಡ್ತಾರೆ. ಅಲ್ಲಿ ಸ್ಟಿಚ್ಚೇ ಇಲ್ಲ. ಮೇಲಿನ ಸಾಲಲ್ಲಿ ಸ್ಟಿಚ್ಚು ಜಾಸ್ತಿ, ಈ ಸಾಲಲ್ಲಿ ಕಮ್ಮಿ, ಕಾಗದದ ಮೇಲೆ ಚಿತ್ರ ನೆಟ್ಟಗೆ ಕೂರಲಿ ಅಂತ ಜಾಗ ತುಂಬಿಸಿರ್ತಾರೆ. ಕಡ್ಡಿ ಮೇಲೆ ಏನೂ ಮಾಡದೆ ಕಣ್ಣನ್ನ ಮಾತ್ರ ಆ ಚೌಕದಿಂದ ದಾಟಿಸಿ ಮುಂದಿನದಕ್ಕೆ ಹೋಗಿ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ಇದನ್ನ ಓದ್ತಾ ಕಡ್ಡಿ ಕೈಗೆ ತಗೊಂಡ್ರೆ ಒಳ್ಳೇದು. ಹಾರ್ಸ್‌ಶೂ ಅಂತ ಒಂದು ಹಳೇ ಲೇಸ್ ಪ್ಯಾಟರ್ನ್ ಇದೆ, ಕುದುರೆ ಲಾಳದ ಆಕಾರ, 10 ಸ್ಟಿಚ್ಚಿನ ರಿಪೀಟು (ಸಾಲಲ್ಲಿ ಮತ್ತೆ ಮತ್ತೆ ಬರೋ ತುಂಡು), ಜೊತೆಗೆ 1. ಮೂರು ರಿಪೀಟಿಗೆ 31, ಆ ಕಡೆ ಈ ಕಡೆ ಅಂಚಿಗೆ ಗಾರ್ಟರ್ 3, 3 ಸೇರಿಸಿದ್ರೆ 37 ಸ್ಟಿಚ್ಚು ಕಾಸ್ಟ್ ಆನ್ ಮಾಡಿ, ಅಂದ್ರೆ ಕಡ್ಡಿಗೆ ಹಾಕ್ಕೊಳ್ಳಿ. ಅಂಚಿನ ಮೂರು ಮೂರು ಯಾವಾಗಲೂ ನಿಟ್, ಅವನ್ನ ಇನ್ನು ಮರ್ತುಬಿಡಿ. 1ನೇ ಸಾಲು: ನಿಟ್ 1, ಆಮೇಲೆ ರಿಪೀಟು: ಯಾರ್ನ್ ಓವರ್, ನಿಟ್ 3, ಡಬಲ್ ಡಿಕ್ರೀಸ್, ನಿಟ್ 3, ಯಾರ್ನ್ ಓವರ್, ನಿಟ್ 1. 3ನೇ ಸಾಲು: ನಿಟ್ 1, ರಿಪೀಟು: ನಿಟ್ 1, ಯಾರ್ನ್ ಓವರ್, ನಿಟ್ 2, ಡಬಲ್ ಡಿಕ್ರೀಸ್, ನಿಟ್ 2, ಯಾರ್ನ್ ಓವರ್, ನಿಟ್ 2. 5ನೇ ಸಾಲಲ್ಲಿ ರಿಪೀಟು: ನಿಟ್ 2, ಯಾರ್ನ್ ಓವರ್, ನಿಟ್ 1, ಡಬಲ್ ಡಿಕ್ರೀಸ್, ನಿಟ್ 1, ಯಾರ್ನ್ ಓವರ್, ನಿಟ್ 3. 7ನೇ ಸಾಲಲ್ಲಿ: ನಿಟ್ 3, ಯಾರ್ನ್ ಓವರ್, ಡಬಲ್ ಡಿಕ್ರೀಸ್, ಯಾರ್ನ್ ಓವರ್, ನಿಟ್ 4. ಈ ಎರಡಕ್ಕೂ ಮೊದಲು ಆ ಒಂಟಿ ನಿಟ್ 1 ಇದ್ದೇ ಇದೆ. ಸರಿ ಸಾಲುಗಳೆಲ್ಲ ಪರ್ಲ್. ಡಬಲ್ ಡಿಕ್ರೀಸನ್ನ ಹೀಗೆ ಮಾಡಿ, ಎರಡು ಸ್ಟಿಚ್ಚನ್ನ ಒಟ್ಟಿಗೆ, ಸೇರಿಸಿ ನಿಟ್ ಮಾಡೋಕೆ ಹೋದ ಹಾಗೆ ಕಡ್ಡಿ ಹಾಕಿ ಸ್ಲಿಪ್ ಮಾಡಿ, ಮುಂದಿನ ಒಂದನ್ನ ನಿಟ್ ಮಾಡಿ, ಸ್ಲಿಪ್ ಮಾಡಿದ ಎರಡನ್ನೂ ಅದರ ಮೇಲಿಂದ ದಾಟಿಸಿ.

ಇಷ್ಟನ್ನ ಮಾತಲ್ಲಿ ಓದಿದಾಗ ತಲೆ ಕೆಟ್ಟಿರತ್ತೆ. ಈಗ ಒಂದು ಗ್ರಾಫ್ ಹಾಳೇಲಿ 11 ಚೌಕ ಅಗಲಕ್ಕೆ, 4 ಸಾಲು ಎತ್ತರಕ್ಕೆ ನೀವೇ ಬರ್ಕೊಳ್ಳಿ, ಬಲಗಡೆಯಿಂದ. ಬರೆದು ಮುಗಿಸಿದ ತಕ್ಷಣ ಕಾಣತ್ತೆ, ಡಬಲ್ ಡಿಕ್ರೀಸು ನಾಲ್ಕೂ ಸಾಲಲ್ಲಿ ಒಂದೇ ಕಂಬದಲ್ಲಿ ಒಂದರ ಮೇಲೊಂದು ನಿಂತಿದೆ, ಸೊನ್ನೆಗಳು ಎರಡೂ ಕಡೆಯಿಂದ ಸಾಲಿಗೆ ಒಂದೊಂದು ಚೌಕ ಒಳಗೆ ಸರೀತಾ ಬಂದು ಕೊನೇಲಿ ಆ ಕಂಬಕ್ಕೆ ತಾಗ್ಕೊಂಡಿವೆ. ಇಡೀ ಪ್ಯಾಟರ್ನು ಇಷ್ಟೇ! ಇನ್ನು ಇದನ್ನ ಕಡ್ಡಿ ಮೇಲೆ ನೋಡಿ. 3ನೇ ಸಾಲಲ್ಲಿ ರಿಪೀಟಿನ ಮೊದಲ ನಿಟ್ ಯಾವುದರ ಮೇಲೆ ಬೀಳತ್ತೆ? 1ನೇ ಸಾಲಲ್ಲಿ ಮಾಡಿದ ತೂತಿನ ಮೇಲೆ. ಅಂದ್ರೆ ಬಲಗಡೆ ಹಳೇ ತೂತನ್ನ ನಿಟ್ ಮಾಡಿದ ಕೂಡಲೇ ಹೊಸ ತೂತು. ಆಮೇಲೆ ನಿಟ್ 2, ಈಗ ಡಬಲ್ ಡಿಕ್ರೀಸಿಗೆ ಬಂದಾಗ ಎಡಗೈ ಕಡ್ಡಿ ಮೇಲೆ ತುದಿಯಿಂದ ಎರಡನೇ ಸ್ಟಿಚ್ಚನ್ನ ನೋಡಿ, ಅದರ ಕೆಳಗೆ ಹಳೇ ಡಬಲ್ ಡಿಕ್ರೀಸಿನ ಎದ್ದು ನಿಂತ ಬೆನ್ನು ಇರಲೇಬೇಕು. ಇದ್ರೆ ಇಲ್ಲಿವರೆಗೆ ಎಲ್ಲಾ ಸರಿ ಇದೆ ಅಂತ ಅರ್ಥ, ಎಣಿಸೋ ಅಗತ್ಯವೇ ಇಲ್ಲ. ಆ ಬೆನ್ನು ಮೊದಲನೇದಾಗಿದ್ರೆ ಅಥವಾ ಮೂರನೇದಾಗಿದ್ರೆ ಅಲ್ಲೇ ನಿಲ್ಲಿ, ತಪ್ಪು ಇದಕ್ಕೆ ಮುಂಚೆ ಎಲ್ಲೋ ನಾಲ್ಕೈದು ಸ್ಟಿಚ್ಚಿನ ಒಳಗೇ ಆಗಿದೆ. ಎಡಗಡೆ ಇದರ ಕನ್ನಡಿ, ಹೊಸ ತೂತು ಮಾಡಿದ ತಕ್ಷಣ ಸಿಗೋ ಸ್ಟಿಚ್ಚು ಹಳೇ ತೂತು. ಅಂದ್ರೆ ಪ್ರತಿ ರಿಪೀಟಲ್ಲೂ ಮೂರು ಕಡೆ ಬಟ್ಟೆಯೇ ನಿಮಗೆ ಹೌದು ಇಲ್ಲ ಹೇಳ್ತಾ ಹೋಗತ್ತೆ.

ಯಾವುದೇ ಲೇಸ್ ಚಾರ್ಟ್ ಸಿಕ್ಕಿದ್ರೂ ಕಡ್ಡಿ ಮುಟ್ಟೋ ಮೊದಲು ಇದನ್ನೇ ಹುಡುಕಿ. ಯಾವ ಕಂಬ ನೆಟ್ಟಗೆ ನಿಂತಿದೆ, ಯಾವುದು ಓರೆಯಾಗಿ ಸರೀತಿದೆ, ಯಾವ ಕಡೆಗೆ, ಸಾಲಿಗೆ ಎಷ್ಟು ಚೌಕ. ಪೆನ್ಸಿಲ್ಲಲ್ಲಿ ತೂತುಗಳನ್ನೆಲ್ಲ ಗೆರೆ ಎಳೆದು ಸೇರಿಸಿ ನೋಡಿ, ಎಲೆಯೋ ವಜ್ರವೋ ಅಲೆಯೋ ಕಾಣಿಸತ್ತೆ. ಎಲೆ ಕಂಡ ಮೇಲೆ ನಿಮ್ಮ ಕೈ ಎಲೆಯನ್ನ ಹೆಣೆಯತ್ತೆ, ಚೌಕಗಳನ್ನಲ್ಲ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ, ಅದರಲ್ಲೂ ಉನ್ಸ್ಟ್ ದ್ವೀಪದಲ್ಲಿ, 19ನೇ ಶತಮಾನದ ಹೆಂಗಸರು ಉಂಗುರದೊಳಗೆ ಎಳೆದ್ರೆ ತೂರಿ ಬರೋವಷ್ಟು ನವಿರಾದ ಶಾಲುಗಳನ್ನ ಹೆಣೆದಿದ್ದು ಈ ಥರ ಪ್ಯಾಟರ್ನನ್ನ ಕಣ್ಣಲ್ಲಿ, ಕೈಯಲ್ಲಿ ಇಟ್ಕೊಂಡೇ. ಇಂಗ್ಲಿಷ್ ಪ್ಯಾಟರ್ನುಗಳಂತೂ ತುಂಬಾ ಕಾಲ ಮಾತಲ್ಲೇ ಇರ್ತಿದ್ವು, ಅಮೆರಿಕದ ಬಾರ್ಬರಾ ವಾಕರ್ 1972ರಲ್ಲಿ ಚಾರ್ಟಲ್ಲೇ ಪ್ಯಾಟರ್ನ್ ಕೊಟ್ಟು ಒಂದು ಸಂಗ್ರಹ ತಂದ್ರು, ಆಮೇಲೆ ಅಲ್ಲಿನ ಹೆಣೆಯೋರಿಗೂ ಚಾರ್ಟ್ ಹತ್ತಿರ ಆಯ್ತು. ಮಾತೇ ಸುಲಭ ಅನ್ಸೋರು ಈಗಲೂ ಇದಾರೆ, ತಪ್ಪೇನಿಲ್ಲ, ಆದ್ರೆ ಅಂಥವರೂ ಪಕ್ಕದಲ್ಲಿ ಚಾರ್ಟ್ ಇಟ್ಕೊಂಡು ನೋಡ್ತಾ ಇರ್ಬೇಕು.

ರಿಪೀಟಿನ ವಿಷಯ. ಚಾರ್ಟಲ್ಲಿ ದಪ್ಪ ಗೆರೆಯ ಅಥವಾ ಕೆಂಪು ಗೆರೆಯ ಚೌಕಟ್ಟು ಇರತ್ತಲ್ಲ, ಅದರ ಒಳಗಿರೋದನ್ನ ಮಾತ್ರ ಮತ್ತೆ ಮತ್ತೆ ಮಾಡೋದು. ಹೊರಗಿರೋದು ಸಾಲಿನ ಶುರುವಲ್ಲಿ ಒಂದ್ಸಲ, ಕೊನೇಲಿ ಒಂದ್ಸಲ. ಮೇಲಿನ ಹಾರ್ಸ್‌ಶೂನಲ್ಲಿ ಶುರುವಿನ ಆ ಒಂದು ನಿಟ್ಟನ್ನ ಪ್ರತಿ ರಿಪೀಟಲ್ಲೂ ಹಾಕಿದ್ರೆ ಎರಡನೇ ರಿಪೀಟಿಗೇ ಒಂದು ಚೌಕ ಜಾರಿ ಹೋಗಿರತ್ತೆ. ರಿಪೀಟಿಗೊಂದು ಮಾರ್ಕರ್ ಹಾಕಿ, ಬೇರೆ ಬಣ್ಣದ ದಾರದ ಉಂಗುರ ಕಟ್ಟಿದ್ರೂ ಸಾಕು. ಒಂದು ಎಚ್ಚರಿಕೆ ಬೇಕು, ಕೆಲವು ಚಾರ್ಟಲ್ಲಿ ಆ ಚೌಕಟ್ಟಿನ ಗೆರೆ ನೆಟ್ಟಗಿರಲ್ಲ, ಮೆಟ್ಟಿಲ ಥರ ಒಂದು ಚೌಕ ಪಕ್ಕಕ್ಕೆ ಹೋಗಿರತ್ತೆ. ಅಲ್ಲಿ ಡಬಲ್ ಡಿಕ್ರೀಸು ಪಕ್ಕದ ರಿಪೀಟಿಂದ ಒಂದು ಸ್ಟಿಚ್ಚನ್ನ ಎರವಲು ತಗೋತಿದೆ ಅಂತ ಅರ್ಥ, ಮಾರ್ಕರನ್ನ ತೆಗೆದು ಒಂದು ಸ್ಟಿಚ್ ಆಚೆ ಇಡ್ಬೇಕಾಗತ್ತೆ. ಮಾರ್ಕರ್ ಪಕ್ಕದಲ್ಲೇ ಇರೋ ಯಾರ್ನ್ ಓವರ್ ಅದರ ಕೆಳಗೆ ನುಸುಳಿ ಆ ಕಡೆ ಹೋಗೋದೂ ಮಾಮೂಲು, ಉಲ್ಟಾ ಸಾಲಲ್ಲಿ ನೋಡ್ಕೊಂಡು ವಾಪಸ್ ಎಳ್ಕೊಳ್ಳಿ.

ನಿಮ್ಮ ತ್ರಿಕೋನದ ಶಾಲಿನಲ್ಲಿ ಇದರ ಮೇಲೆ ಇನ್ನೊಂದು ತೊಡಕಿದೆ, ನಿಮಗೆ 9, 11ನೇ ಸಾಲಲ್ಲೇ ತಪ್ಪೋದು ನೋಡಿದ್ರೆ ಕಾರಣ ಇಲ್ಲೇ ಇರೋ ಸಾಧ್ಯತೆ ಜಾಸ್ತಿ. ಕುತ್ತಿಗೆಯಿಂದ ಕೆಳಗೆ ಹೆಣೆಯೋ ಸಾಮಾನ್ಯ ತ್ರಿಕೋನ ಅಂದ್ರೆ ಎರಡು ಅರ್ಧ, ಮಧ್ಯ ಒಂದು ಬೆನ್ನೆಲುಬಿನ ಸ್ಟಿಚ್ಚು. ಚಾರ್ಟಲ್ಲಿ ಒಂದೇ ಅರ್ಧ ಕೊಟ್ಟಿರ್ತಾರೆ, ಅದನ್ನ ಮಾಡಿ, ಮಧ್ಯದ ಸ್ಟಿಚ್ ನಿಟ್ ಮಾಡಿ, ಮತ್ತೆ ಅದೇ ಚಾರ್ಟನ್ನ ಬಲದಿಂದಲೇ ಶುರು ಮಾಡಿ ಇನ್ನೊಂದ್ಸಲ. ಪ್ರತಿ ಸೀದಾ ಸಾಲಲ್ಲೂ ಅರ್ಧಕ್ಕೆ 2, ಒಟ್ಟು 4 ಸ್ಟಿಚ್ಚು ಬೆಳೀಬೇಕು. ಸಾಮಾನ್ಯ ಲೇಸಲ್ಲಿ ಎಷ್ಟು ಯಾರ್ನ್ ಓವರೋ ಅಷ್ಟೇ ಡಿಕ್ರೀಸು, ಡಬಲ್ ಡಿಕ್ರೀಸಿಗೆ ಎರಡು ಯಾರ್ನ್ ಓವರು. ತ್ರಿಕೋನದಲ್ಲಿ ಹಾಗಲ್ಲ, ಅರ್ಧದ ಶುರುವಲ್ಲೊಂದು ಕೊನೇಲೊಂದು ಯಾರ್ನ್ ಓವರಿಗೆ ಜೋಡಿ ಡಿಕ್ರೀಸೇ ಇರಲ್ಲ, ಬೆಳೆಯೋಕೆ ಅಂತಲೇ ಇಟ್ಟಿರೋದು. ಹಾಗಾಗಿ ನಿಮ್ಮ ಚಾರ್ಟಿನ ಪ್ರತಿ ಸಾಲಲ್ಲೂ ಸೊನ್ನೆಗಳನ್ನ ಎಣಿಸಿ, ಡಿಕ್ರೀಸುಗಳನ್ನ (ಡಬಲ್ ಆದ್ರೆ ಎರಡು ಅಂತ) ಎಣಿಸಿ ಕಳೀರಿ, 2 ಉಳೀಬೇಕು. ಉಳೀದಿದ್ರೆ ನೀವು ಓದಿರೋದು ತಪ್ಪು, ಇಲ್ಲಾ ಅದು ಬೇರೆ ಥರ ಕಟ್ಟಿರೋ ಶಾಲು. ಶುರುವಲ್ಲಿ 9 ಸ್ಟಿಚ್ಚಿದ್ರೆ 10 ಸೀದಾ ಸಾಲು ಆದ್ಮೇಲೆ 49 ಇರ್ಬೇಕು.

ಅಂಚಲ್ಲಿ ಇನ್ನೂ ಒಂದು ನೋಡಿ. ಶಾಲು ಅಗಲ ಆಗ್ತಾ ಹೋದ ಹಾಗೆ ಅಂಚಲ್ಲಿ ಹೊಸ ಎಲೆಗೋ ಹೂವಿಗೋ ಜಾಗ ಹುಟ್ಟತ್ತೆ, ಆದ್ರೆ ಒಂದೇ ಸಲಕ್ಕೆ ಪೂರ್ತಿ ಜಾಗ ಸಿಗಲ್ಲ. ಹಾಗಾಗಿ ಅಲ್ಲಿ ಅರ್ಧ ಎಲೆ ಇರತ್ತೆ, ಮಧ್ಯ ಎಲ್ಲಾ ಕಡೆ ಡಬಲ್ ಡಿಕ್ರೀಸ್ ಇದ್ದ ಜಾಗದಲ್ಲಿ ಅಂಚಲ್ಲಿ ಮಾತ್ರ ಎರಡು ಸೇರಿಸಿ ನಿಟ್ಟೋ ಎಸ್‌ಎಸ್‌ಕೆಯೋ ಇರತ್ತೆ. ಕೈ ಒಂದು ಲಯಕ್ಕೆ ಬಿದ್ದಿರತ್ತೆ, ಅಭ್ಯಾಸಬಲದಿಂದ ಅಲ್ಲೂ ಡಬಲ್ ಹಾಕ್ಬಿಟ್ಟಿರ್ತೀವಿ, ಒಂದು ಸ್ಟಿಚ್ಚು ಕಮ್ಮಿ. ಆ ಅಂಚಿನ ಚೌಕಗಳಿಗೆ ಹೈಲೈಟರ್ ಹಚ್ಚಿ ಇಟ್ಕೊಳ್ಳಿ. ಇನ್ನು ಚಾರ್ಟ್ ಒಂದ್ಸಲ ಮುಗಿದು ಎರಡನೇ ಸಲ ಶುರು ಮಾಡಿದಾಗ ಚೌಕಟ್ಟಿನ ಒಳಗಿನದ್ದನ್ನ ಎಷ್ಟು ಸಲ ಅನ್ನೋ ಗೊಂದಲ ಬರತ್ತೆ. 12 ಸಾಲಿನ ಚಾರ್ಟ್ ಅಂದ್ರೆ 6 ಸೀದಾ ಸಾಲು, ಅರ್ಧಕ್ಕೆ 12 ಸ್ಟಿಚ್ಚು ಬೆಳೆದಿರತ್ತೆ, ರಿಪೀಟು 6 ಸ್ಟಿಚ್ಚಿಂದಾಗಿದ್ರೆ ಈ ಸಲ ಎರಡು ರಿಪೀಟು ಹೆಚ್ಚು. ಈ ಒಂದು ಲೆಕ್ಕ ಪ್ಯಾಟರ್ನಿನ ಪಕ್ಕ ಬರ್ಕೊಳ್ಳಿ, ನೋಟ್‌ಬುಕ್ಕಿಗೆ ಇಷ್ಟು ಕೆಲಸ ಸಾಕು.

ತಪ್ಪು ಆಗೇ ಆಗತ್ತೆ, ಎಲ್ಲರಿಗೂ. ಪೂರ್ತಿ ಬಿಚ್ಚೋದು ಮಾತ್ರ ಕೊನೇ ದಾರಿ ಆಗಿರ್ಬೇಕು. ಉಲ್ಟಾ ಸಾಲು ಬರೀ ಪರ್ಲ್ ಅಲ್ವಾ, ಅದನ್ನ ಸುಮ್ನೆ ಮುಗಿಸಿಬಿಡೋ ಸಾಲು ಅನ್ಕೋಬೇಡಿ, ಅದು ತಪಾಸಣೆ ಸಾಲು, ಅಲ್ಲೇ ಮಾರ್ಕರಿಂದ ಮಾರ್ಕರಿಗೆ ಎಣಿಸಿ. ಒಂದು ಕಮ್ಮಿ ಬಂದ್ರೆ ಹೆಚ್ಚಿನ ಸಲ ಯಾರ್ನ್ ಓವರ್ ಬಿಟ್ಟುಹೋಗಿರತ್ತೆ ಅಥವಾ ಕಡ್ಡಿಯಿಂದ ಜಾರಿರತ್ತೆ. ಬಿಚ್ಚಬೇಕಾಗಿಲ್ಲ, ಅದು ಇರಬೇಕಾದ ಜಾಗದಲ್ಲಿ ಎರಡು ಸ್ಟಿಚ್ಚಿನ ಮಧ್ಯ ಅಡ್ಡಕ್ಕೆ ಒಂದು ಎಳೆ ಇರತ್ತೆ, ಅದನ್ನ ಎಡಗಡ್ಡಿಯಿಂದ ಎತ್ಕೊಂಡು ತಿರುಚದೆ ಪರ್ಲ್ ಮಾಡಿ. ತೂತು ಸ್ವಲ್ಪ ಚಿಕ್ಕದಾಗಿ ಕಾಣತ್ತೆ, ಬ್ಲಾಕಿಂಗಲ್ಲಿ (ಮುಗಿದ ಮೇಲೆ ಒದ್ದೆ ಮಾಡಿ ಎಳೆದು ಒಣಗಿಸೋದು) ಸರಿಹೋಗತ್ತೆ. ಒಂದು ಜಾಸ್ತಿ ಬಂದ್ರೆ ಡಿಕ್ರೀಸ್ ಮರೆತಿರ್ತೀರಿ ಇಲ್ಲಾ ತೂತು ಹೆಚ್ಚು ಹಾಕಿರ್ತೀರಿ. ಮರೆತ ಡಿಕ್ರೀಸಾದ್ರೆ ಆ ಎರಡು ಸ್ಟಿಚ್ಚನ್ನ ಮಾತ್ರ ಒಂದು ಸಾಲು ಕೆಳಗೆ ಬಿಡಿಸಿ, ಕ್ರೋಶಾ ಕಡ್ಡಿಯಲ್ಲಿ ಎರಡನ್ನೂ ಸೇರಿಸಿ ಎತ್ತಿ, ಸೀದಾ ಸೈಡಿಂದ ನೋಡಿದಾಗ ಬಲಕ್ಕೆ ವಾಲಬೇಕಿದ್ರೆ ಎಡಗಡೆ ಸ್ಟಿಚ್ಚು, ಎಡಕ್ಕೆ ವಾಲಬೇಕಿದ್ರೆ ಬಲಗಡೆ ಸ್ಟಿಚ್ಚು ಮೇಲಿರೋ ಹಾಗೆ ನೋಡ್ಕೊಳ್ಳಿ. ಲೆಕ್ಕ ಸರಿ ಇದ್ದೂ ಚಿತ್ರ ಕೆಟ್ಟಿದ್ರೆ ಒಂದು ಚೌಕ ಆಚೀಚೆ ಜಾರಿದೀರಿ ಅಂತ, ಅದನ್ನ ಎಣಿಕೆ ಹಿಡಿಯಲ್ಲ, ಮೇಲೆ ಹೇಳಿದ ಹಾಗೆ ಕೆಳಗಿನ ಸಾಲು ನೋಡೋ ಕಣ್ಣು ಮಾತ್ರ ಹಿಡಿಯತ್ತೆ.

ಲೈಫ್‌ಲೈನ್ ಹಾಕದೆ ಮೊದಲ ಲೇಸ್ ಶಾಲ್ ಮಾಡ್ಲೇಬೇಡಿ. ಚಾರ್ಟಿನ ಒಂದು ಸುತ್ತು ಮುಗಿದು ಉಲ್ಟಾ ಸಾಲು ಆದ್ಮೇಲೆ, ಲೆಕ್ಕ ಸರಿ ಇದೆ ಅಂತ ಖಾತ್ರಿ ಮಾಡ್ಕೊಂಡು, ದಪ್ಪ ಮೊನೆಯ ಉಣ್ಣೆ ಸೂಜಿಯಲ್ಲಿ ಬೇರೆ ಬಣ್ಣದ ನುಣುಪಾದ ತೆಳ್ಳಗಿನ ಹತ್ತಿ ದಾರವನ್ನ ಕಡ್ಡಿ ಮೇಲಿರೋ ಎಲ್ಲಾ ಸ್ಟಿಚ್ಚಿನ ಒಳಗಿಂದ ಹಾಯಿಸಿ. ಹಲ್ಲಿನ ಮಧ್ಯ ಕ್ಲೀನ್ ಮಾಡೋ ಫ್ಲಾಸ್ ದಾರವೂ ಚೆನ್ನಾಗಿ ಆಗತ್ತೆ. ಮಾರ್ಕರ್ ಒಳಗಿಂದ ಮಾತ್ರ ಹಾಯಿಸ್ಬೇಡಿ, ಆಮೇಲೆ ಅವು ಅಲ್ಲೇ ಸಿಕ್ಕಿಹಾಕ್ಕೊಳ್ತವೆ. ಎರಡೂ ಕಡೆ ಉದ್ದಕ್ಕೆ ದಾರ ಬಿಡಿ. ಮುಂದೆ ಏನೇ ಕೆಟ್ರೂ ಕಡ್ಡಿ ಎಳೆದು ಧೈರ್ಯವಾಗಿ ಬಿಚ್ಚಿ, ಆ ದಾರದ ಹತ್ತಿರ ತಾನಾಗೇ ನಿಲ್ಲತ್ತೆ, ಕಡ್ಡಿ ವಾಪಸ್ ತೂರಿಸಿದ್ರೆ ಆಯ್ತು. ಎಷ್ಟನೇ ಸಾಲಲ್ಲಿ ಹಾಕಿದ್ದು ಅಂತ ಚಾರ್ಟಲ್ಲಿ ಗುರುತು ಮಾಡಿ. ನಿಮ್ಮ ವಿಷಯದಲ್ಲಿ 6ನೇ ಸಾಲಿಗೊಂದು, 8ಕ್ಕೊಂದು, 10ಕ್ಕೊಂದು ಹಾಕಿದ್ರೂ ಅತಿ ಅಲ್ಲ.

ಚಾರ್ಟ್ ಮೇಲೆ ಎಲ್ಲಿದೀವಿ ಅಂತ ಗುರುತಿಗೆ ಅಂಟೋ ಕಾಗದ ಇಡೋರು ಬಹಳ ಜನ ಅದನ್ನ ಈಗಿನ ಸಾಲಿನ ಕೆಳಗೆ ಇಡ್ತಾರೆ, ಮುಗಿದ ಸಾಲುಗಳು ಮುಚ್ಚಿಹೋಗ್ತವೆ. ಮೇಲೆ ಇಡಿ. ಇನ್ನೂ ಹೆಣೆಯದ ಸಾಲುಗಳು ಮುಚ್ಚಿರಲಿ, ಹೆಣೆದಿರೋವು ಕಾಣ್ತಿರಲಿ, ಕಡ್ಡಿ ಕೆಳಗಿನ ಬಟ್ಟೆಗೂ ಕಾಗದಕ್ಕೂ ಹೋಲಿಸಿ ನೋಡೋಕೆ ಆಗೋದು ಆಗಲೇ. ಚಾರ್ಟ್ ಚಿಕ್ಕದಾಗಿದ್ರೆ ದೊಡ್ಡದಾಗಿ ಜೆರಾಕ್ಸ್ ಮಾಡಿಸ್ಕೊಳ್ಳಿ, ಕಣ್ಣು ಕಿರಿದು ಮಾಡ್ಕೊಂಡು ಓದೋದ್ರಿಂದ ಆಗೋ ತಪ್ಪು ಕಮ್ಮಿ ಏನಲ್ಲ. ಬಲಕ್ಕೆ ವಾಲಿದ ಡಿಕ್ರೀಸಿಗೆ ಒಂದು ಬಣ್ಣ, ಎಡಕ್ಕೆ ಇನ್ನೊಂದು ಹಚ್ಚಿದ್ರೆ ಇನ್ನೂ ಹಗುರ.

ನೂಲಿನ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಅರ್ಧ ಕಷ್ಟ ಅಲ್ಲೇ ಇರತ್ತೆ. ಕಲಿಯೋ ಶಾಲಿಗೆ ತಿಳಿ ಬಣ್ಣದ, ಒಂದೇ ಬಣ್ಣದ, ನುಣುಪಾಗಿ ಹುರಿಗೊಳಿಸಿದ ಉಣ್ಣೆ ನೂಲು, ಫಿಂಗರಿಂಗ್ ದಪ್ಪದ್ದು, ಅಂದ್ರೆ 100 ಗ್ರಾಮಿಗೆ ಸುಮಾರು 400 ಮೀಟರ್ ಬರೋದು. 800 ಮೀಟರ್ ಬರೋ ಲೇಸ್‌ವೇಟ್ ಆಮೇಲೆ. ಕಪ್ಪು, ಕಡುನೀಲಿಯಲ್ಲಿ ಸ್ಟಿಚ್ಚೇ ಕಾಣಲ್ಲ, ಹಲವು ಬಣ್ಣ ಬರೋ ನೂಲಲ್ಲಿ ಲೇಸಿನ ಚಿತ್ರ ಮುಳುಗಿಹೋಗತ್ತೆ, ಮೊಹೇರ್ ಥರ ಜುಂಜು ನೂಲನ್ನ ಬಿಚ್ಚೋಕೇ ಆಗಲ್ಲ, ಎಳೆಗಳು ಒಂದಕ್ಕೊಂದು ಕಚ್ಕೊಂಡುಬಿಡ್ತವೆ. ಕಡ್ಡಿ 4 ಎಂಎಂ ಆಸುಪಾಸು, ಮೊನೆ ಚೂಪಾಗಿರ್ಲಿ, ಇಲ್ಲಾಂದ್ರೆ ಮೂರು ಸ್ಟಿಚ್ಚಿಗೆ ಒಟ್ಟಿಗೆ ತೂರಿಸೋಕೆ ಒದ್ದಾಡ್ತೀರಿ, ಶಾಲ್ ಬೆಳೆದ ಹಾಗೆ ಭಾರ ತಡೆಯೋಕೆ 80 ಸೆಂಟಿಮೀಟರಿನ ಸರ್ಕ್ಯುಲರ್ ಕಡ್ಡಿ ಒಳ್ಳೇದು. ಎಸ್ಟೋನಿಯಾದ ಹಾಪ್ಸಾಲು ಶಾಲುಗಳಲ್ಲಿ ನುಪ್ಪ್ ಅಂತ ಪುಟ್ಟ ಗುಬುಟು ಇರತ್ತೆ, ಒಂದೇ ಸ್ಟಿಚ್ಚಲ್ಲಿ 5 ಅಥವಾ 7 ಲೂಪ್ ತೆಗೆದು ಮುಂದಿನ ಸಾಲಲ್ಲಿ ಎಲ್ಲವನ್ನೂ ಸೇರಿಸಿ ಪರ್ಲ್ ಮಾಡೋದು, ನೋಡೋಕೆ ತುಂಬಾ ಚಂದ, ಮೊದಲ ಶಾಲಿಗೆ ಬೇಡ. ಇನ್ನೊಂದು, ತ್ರಿಕೋನದಲ್ಲಿ ಸಾಲುಗಳು ಉದ್ದ ಆಗ್ತಾ ಹೋಗೋದ್ರಿಂದ ಅರ್ಧ ಸಾಲು ಮುಗಿದಾಗ ಖರ್ಚಾಗಿರೋದು ಒಟ್ಟು ನೂಲಿನ ಕಾಲು ಭಾಗ ಮಾತ್ರ. ನೂಲು ಬೇಕಾದಷ್ಟಿದೆ ಅಂತ ಆಗ ಅನ್ಸತ್ತೆ, ನಂಬಬೇಡಿ, ಕೊನೇ ಕಾಲು ಭಾಗದ ಸಾಲುಗಳೇ ಹತ್ತಿರ ಹತ್ತಿರ ಅರ್ಧ ನೂಲನ್ನ ತಿಂತವೆ. ಉಂಡೆಯನ್ನ ಆಗಾಗ ತೂಕ ಮಾಡ್ತಾ ಇರಿ.

ಕೊನೇ ಅಂಚನ್ನ ಬಿಗಿಯಾಗಿ ಬೈಂಡ್ ಆಫ್ ಮಾಡಿದ್ರೆ (ಸ್ಟಿಚ್ಚುಗಳನ್ನ ಮುಚ್ಚಿ ಮುಗಿಸಿದ್ರೆ) ಅಷ್ಟೂ ಕೆಲಸ ಹಾಳು, ಶಾಲು ಹರಡ್ಕೊಳ್ಳೋದೇ ಇಲ್ಲ. ಎರಡು ಸ್ಟಿಚ್ಚನ್ನ ಹಿಂದಿನ ಲೂಪಿಂದ ಸೇರಿಸಿ ನಿಟ್ ಮಾಡಿ, ಬಂದ ಒಂದನ್ನ ಎಡಗಡ್ಡಿಗೆ ವಾಪಸ್ ಹಾಕಿ, ಮತ್ತೆ ಹಾಗೇ, ಒಂದು ಸೈಜ್ ದೊಡ್ಡ ಕಡ್ಡಿಯಲ್ಲಿ, ಸಡಿಲವಾಗಿ.

ಮುಗಿದ ಶಾಲು ಕಡ್ಡಿಯಿಂದ ಇಳಿದಾಗ ಮುದ್ದೆಯಾದ ಒರೆಸೋ ಬಟ್ಟೆ ಥರ ಇರತ್ತೆ, ಆಗ ಬೇಜಾರು ಮಾಡ್ಕೋಬೇಡಿ, ಲೇಸ್ ಲೇಸಾಗೋದು ಬ್ಲಾಕಿಂಗಲ್ಲಿ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ಬಿಡಿ, ಉಜ್ಜಬೇಡಿ, ಹಿಂಡಬೇಡಿ, ಮೆಲ್ಲಗೆ ಒತ್ತಿ ನೀರು ತೆಗೆದು ಟವಲ್ಲಲ್ಲಿ ಸುತ್ತಿ ತುಳಿದುಬಿಡಿ. ಒದ್ದೆ ಇದ್ದಾಗಲೇ ಫೋಮ್ ಮ್ಯಾಟೋ ಹಾಸಿಗೆಯೋ ಏನಾದ್ರೂ ಸಪಾಟಾಗಿರೋದರ ಮೇಲೆ ಹರಡಿ, ಮೊದಲು ಮೇಲಂಚನ್ನ ನೆಟ್ಟಗೆ ಪಿನ್ ಮಾಡಿ, ಆಮೇಲೆ ಮಧ್ಯದ ಬೆನ್ನೆಲುಬನ್ನ ಕೆಳಗೆ ಎಳೆದು ಪಿನ್ ಮಾಡಿ, ಆಮೇಲೆ ಎರಡೂ ಕಡೆ ಸಮವಾಗಿ ಒಂದೊಂದು ಮೊನೆಯನ್ನೂ ಎಳೀತಾ ಹೋಗಿ. ತುಕ್ಕು ಹಿಡಿಯದ ಪಿನ್ನೇ ಆಗ್ಬೇಕು. ಡ್ರಮ್ ಥರ ಬಿಗಿ ಆಗೋವರೆಗೂ ಎಳೀರಿ, ಉಣ್ಣೆ ತಡೆಯತ್ತೆ. ಪೂರ್ತಿ ಒಣಗೋವರೆಗೂ ಪಿನ್ ತೆಗೀಬೇಡಿ, ಅರೆ ಒದ್ದೆ ಇದ್ದಾಗ ತೆಗೆದ್ರೆ ಮತ್ತೆ ಮುದುರತ್ತೆ. ಉಣ್ಣೆ, ರೇಷ್ಮೆ ಹೀಗೆ ಕೊಟ್ಟ ಆಕಾರ ಹಿಡ್ಕೊಳ್ತವೆ, ಹತ್ತಿ ಅಷ್ಟಾಗಿ ಹಿಡಿಯಲ್ಲ, ಅಕ್ರಿಲಿಕ್ಕಿಗೆ ನೀರು ಸಾಲದು, ಹಬೆ ಬೇಕು, ಇಸ್ತ್ರಿ ಪೆಟ್ಟಿಗೆಯನ್ನ ತಾಗಿಸದೆ ಮೇಲಿಂದ ಹಬೆ ಬಿಡ್ಬೇಕು.

ಈಗ ನಿಮ್ಮ ನಾರುನಾರಾದ ನೂಲು. ಅದನ್ನ ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಲ್ಲಿ ಅರ್ಧ ಗಂಟೆ ನೆನೆಸಿ ನೇತುಹಾಕಿ, ಸುಕ್ಕೆಲ್ಲ ಹೋಗಿ ನೆಟ್ಟಗಾಗತ್ತೆ. ಒಣಗೋ ಅಷ್ಟು ಹೊತ್ತಲ್ಲಿ ಬೇರೆ ಯಾವುದಾದ್ರೂ ನೂಲಲ್ಲಿ ಆ 37 ಸ್ಟಿಚ್ಚಿನ ಹಾರ್ಸ್‌ಶೂ ತುಂಡನ್ನ ಮಾಡಿ, ಎರಡು ಸಲ ಚಾರ್ಟ್ ನೋಡ್ಕೊಂಡು, ಮೂರನೇ ಸಲ ಚಾರ್ಟನ್ನ ಮುಚ್ಚಿಟ್ಟು ಬರೀ ಕೆಳಗಿನ ಸಾಲು ನೋಡ್ಕೊಂಡು. ಮೂರನೇದು ಸರಿ ಬಂತು ಅಂದ್ರೆ ಶಾಲಿನ ಚಾರ್ಟ್ ತೆಗೀರಿ, ತೂತುಗಳನ್ನ ಪೆನ್ಸಿಲ್ಲಲ್ಲಿ ಸೇರಿಸಿ, ಅಂಚಿನ ಚೌಕಕ್ಕೆ ಬಣ್ಣ ಹಚ್ಚಿ, ಕಾಸ್ಟ್ ಆನ್ ಮಾಡಿ. 8ನೇ ಸಾಲು ಮುಗಿಸಿದ ಮೇಲೆ ಲೈಫ್‌ಲೈನ್ ಹಾಕದೆ 9ಕ್ಕೆ ಕೈ ಹಾಕ್ಬೇಡಿ.